ಕೊನೆಯ ನಳದ ಕ್ಲೋರಿನ್: ವಾಂತಿ-ಭೇದಿ ಕಂಡ ಊರಿನಲ್ಲಿ ನಾವು ಮಾಡುವ ಕೆಲಸ

ಯಾದಗಿರಿ ಸೀಮೆಯ ಹಳ್ಳಿ, ತಾಂಡಾಗಳಲ್ಲಿ ಮೊದಲ ಮಳೆ ಬಿದ್ದ ಮೇಲಿನ ವಾರಗಳು ಕಾಲರಾ ಕಾಲ. ಬೇಸಿಗೆಯಲ್ಲಿ ಬಿರಿದ ಎರೆಮಣ್ಣು ಮಳೆಗೆ ಉಬ್ಬಿ ಪೈಪಿನ ಜಾಯಿಂಟು ಕದಲುತ್ತದೆ. ನೀರು ಸಣ್ಣಗೆ ಬರುತ್ತದೆಂದು ಮನೆ ಮುಂದೆ ಗುಂಡಿ ತೋಡಿ ನಳ ಇಳಿಸಿರುತ್ತಾರೆ. ಸಪ್ಲೈ ನಿಂತ ಕೂಡಲೇ ಪೈಪು ಆ ಗುಂಡಿಯ ಹೊಲಸು ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಎಷ್ಟು ಕ್ಲೋರಿನ್ ಇದೆ ಎಂದು ಕೇಳಿ ನಾನು ಸುಮ್ಮನಾಗುವುದಿಲ್ಲ. ಊರ ಕೊನೆಯ ನಳದಲ್ಲಿ ಎಷ್ಟು ಉಳಿದಿದೆ ಎಂಬುದೇ ಲೆಕ್ಕ.

ಮೊದಲು ಬ್ಲೀಚಿಂಗ್ ಪೌಡರ್ ನೋಡಬೇಕು. ಹೊಸದರಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ಬಿಚ್ಚಿಟ್ಟ ಚೀಲ ನಮ್ಮ ಬಿಸಿಲಿಗೆ ಬೇಗ ಸತ್ವ ಕಳೆದುಕೊಳ್ಳುತ್ತದೆ. ಗಂಟು ಕಟ್ಟಿ ಘಾಟು ಹೋದದ್ದು ಬರೀ ಸುಣ್ಣ. ಶೇ 25 ಎಂದು ಹಿಡಿದು ನಾನು ಲೆಕ್ಕ ಹಾಕುತ್ತೇನೆ. 50,000 ಲೀಟರ್ ಟ್ಯಾಂಕಿಗೆ, ಲೀಟರಿಗೆ 2 ಮಿಲಿಗ್ರಾಂನಂತೆ, 100 ಗ್ರಾಂ ಕ್ಲೋರಿನ್ ಬೇಕು. ಅಂದರೆ 400 ಗ್ರಾಂ ಪೌಡರ್. ಬಕೆಟ್ಟಿಗೆ 100 ಗ್ರಾಂ ಮೀರದಂತೆ ಸ್ವಲ್ಪ ನೀರಲ್ಲಿ ಗಂಟಿಲ್ಲದೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಹತ್ತು ನಿಮಿಷ ತಿಳಿಯಾಗಲು ಬಿಡುತ್ತೇವೆ. ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿಯಬೇಕು, ಅದೂ ನೀರು ತುಂಬತೊಡಗಿದಾಗ, ಆಗಲೇ ಚೆನ್ನಾಗಿ ಬೆರೆಯುವುದು. ಟ್ಯಾಂಕ್ ತುಂಬಿದ ಮೇಲೆ ಒಂದು ತಾಸು ಬಿಟ್ಟು ವಾಲ್ವ್ ತೆರೆಯಬೇಕು. ಒಣ ಪುಡಿಯನ್ನು ಹಾಗೇ ಸುರಿದರೆ ತಳಕ್ಕೆ ಕೂರುತ್ತದೆ, ಮೇಲಿನ ನೀರಿಗೆ ಮುಟ್ಟುವುದೇ ಇಲ್ಲ.

ಪರೀಕ್ಷೆಗೆ ಕ್ಲೋರೋಸ್ಕೋಪ್, ಅಂದರೆ ನೀರಿನ ಕ್ಲೋರಿನ್ ಅಳೆಯುವ ಸಣ್ಣ ಕಿಟ್, ಸಾಕು. ಟ್ಯೂಬನ್ನು ಅದೇ ನೀರಲ್ಲಿ ತೊಳೆದು, ಗುರುತಿನವರೆಗೆ ತುಂಬಿ, ಓಟಿ (ಆರ್ಥೋಟೊಲಿಡಿನ್) ದ್ರಾವಣದ ಹನಿ ಹಾಕಿ, ಹತ್ತು ಸೆಕೆಂಡಿನೊಳಗೆ ಹಳದಿ ಬಣ್ಣ ಹೋಲಿಸಬೇಕು. ತಡವಾದರೆ ಬೇರೆ ವಸ್ತುಗಳೊಂದಿಗೆ ಕೂಡಿಕೊಂಡ ಕ್ಲೋರಿನ್ನೂ ಬಣ್ಣ ಕೊಟ್ಟು ಮೋಸವಾಗುತ್ತದೆ. ಮಾಮೂಲಿ ದಿನಗಳಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ, ವಾಂತಿ-ಭೇದಿ ಇದ್ದಾಗ ಕೊನೆಯ ನಳದಲ್ಲೂ 0.5 ಬೇಕು. ಟ್ಯಾಂಕಿನಲ್ಲಿ 1 ಇದ್ದು ಒಂದು ಓಣಿಯಲ್ಲಿ ಸೊನ್ನೆ ಬಂದರೆ ಡೋಸ್ ಏರಿಸುತ್ತಾ ಕೂರಬಾರದು. ಟ್ಯಾಂಕಿನ ಕಡೆಗೆ ಹಿಂದಕ್ಕೆ ನಡೆಯುತ್ತಾ ನಳದಿಂದ ನಳಕ್ಕೆ ಪರೀಕ್ಷಿಸಿ. ಬಣ್ಣ ಮತ್ತೆ ಕಾಣಿಸುವ ನಳಕ್ಕೂ ಅದಕ್ಕೆ ಮುಂಚೆ ಸೊನ್ನೆ ಬಂದ ನಳಕ್ಕೂ ನಡುವೆ ಮೊದಲು ಅಗೆಸಿ ನೋಡಿ.

“ವಾಸನಿ ಬರ್ತದಂತ ಮಂದಿ ಬೈತಾರ್ರಿ ಸರ” ಎಂದು ವಾಟರ್‌ಮನ್ ಪುಡಿ ಕಡಿಮೆ ಮಾಡುವುದುಂಟು. ಅವರನ್ನು ಗದರುವುದು ತಪ್ಪು. ಬೈಯುವವರ ಮುಂದೆಯೇ ಟ್ಯೂಬ್ ಹಿಡಿದು ತೋರಿಸಬೇಕು, ನೀರನ್ನು ಕೊಡದಲ್ಲಿ ತುಸು ಹೊತ್ತು ಇಟ್ಟು ಕುಡಿಯಲು ಹೇಳಬೇಕು.

ಅಕ್ಕಿ ತೊಳೆದ ನೀರಿನಂಥ ಭೇದಿ ಕಂಡರೆ, ಆಂಟಿಬಯೋಟಿಕ್ ಕೊಡುವ ಮುಂಚೆಯೇ ಮಲದ ಮಾದರಿಯನ್ನು ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ (ಲ್ಯಾಬ್ ಮುಟ್ಟುವವರೆಗೆ ರೋಗಾಣುವನ್ನು ಉಳಿಸುವ ವಸ್ತು) ತೆಗೆದುಕೊಳ್ಳಿ; ಫ್ರಿಜ್‌ನಲ್ಲಿ ಇಡಬೇಡಿ. ಓಆರ್‌ಎಸ್ ಪೂರ್ತಿ ಪ್ಯಾಕೆಟ್ಟಿಗೆ ಪೂರ್ತಿ ಒಂದು ಲೀಟರ್ ನೀರು. ಲೋಟದಲ್ಲಿ ಕದಡಿ ಕುಡಿಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ.

ಲಸಿಕೆ ಯಾವಾಗ ಬರ್ತದ್ರಿ ಎಂದು ಪ್ರತಿ ಊರಲ್ಲೂ ಕೇಳುತ್ತಾರೆ. ಬಾಯಿಗೆ ಹಾಕುವ ಕಾಲರಾ ಲಸಿಕೆ ಇದೆ: ಒಂದು ವರ್ಷ ತುಂಬಿದವರಿಗೆ 1.5 ಮಿಲಿಲೀಟರ್, ಎರಡು ವಾರ ಬಿಟ್ಟು ಮತ್ತೊಂದು ಡೋಸ್. ಶೇಖರಣೆ 2ರಿಂದ 8 ಡಿಗ್ರಿಯಲ್ಲಿ. ಕೆಲವು ವರ್ಷ ಒಳ್ಳೆಯ ರಕ್ಷಣೆ ಕೊಡುತ್ತದೆ, ಆದರೆ ಜಗತ್ತಿನಲ್ಲೇ ದಾಸ್ತಾನು ಸಾಲದೆ 2022ರ ಅಕ್ಟೋಬರ್‌ನಿಂದ ರೋಗ ಹರಡಿದಲ್ಲಿ ಒಂದೇ ಡೋಸ್ ಕೊಡುವಂತಾಯಿತು. ಲಸಿಕೆ ಬಂದರೂ ಮೈಯಲ್ಲಿ ಅದರ ಬಲ ಕೂಡಲು ದಿನಗಳು ಬೇಕು. ಇವತ್ತು ಸಂಜೆ ಬಿಡುವ ನೀರಿಗೆ ಪುಡಿಯೇ ಬೇಕು. ನಾಳೆ ಬೆಳಿಗ್ಗೆ ಗುಂಡಿಯ ನಳಗಳನ್ನು ನೆಲದಿಂದ ಮೇಲಕ್ಕೆತ್ತಿಸುವ ಕೆಲಸ ಶುರುವಾಗಬೇಕು.