ತಾಳಮದ್ದಳೇಲಿ ನಾಯಕನ ಪಾತ್ರ ಸಿಕ್ರೆ ಅರ್ಥ ಹೇಳೋದು ಹೆಂಗೆ

ಮಳೆಗಾಲ ಬಂತು ಅಂದ್ರೆ ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ತಾಳಮದ್ದಳೆ ಶುರು. ಅದು ಕೂತ್ಕೊಂಡೇ ಮಾಡೋ ಯಕ್ಷಗಾನ, ಭಾಗವತ್ರು ಪದ್ಯ ಹಾಡ್ತಾರೆ, ಪಾತ್ರಧಾರಿಗಳು ಆ ಪದ್ಯದ ಮೇಲೆ ಅಲ್ಲೇ ಮಾತು ಕಟ್ತಾರೆ, ಅದಕ್ಕೇ ಅರ್ಥ ಹೇಳೋದು ಅನ್ನೋದು. ಹೊಸಬ್ರಿಗೂ ಒಂದೊಂದು ಪಾತ್ರ ಸಿಗತ್ತೆ. ರಾಮನೋ ಅರ್ಜುನನೋ ಕೌರವನೋ (ದುರ್ಯೋಧನ) ಸಿಕ್ಕಿದ್ರೆ ಸುಮಾರು ಜನ ಪೀಠಿಕೇಲೇ, ಅಂದ್ರೆ ಪಾತ್ರ ಮೊದ್ಲು ತನ್ನ ಪರಿಚಯ ಹೇಳ್ಕೊಳ್ಳೋ ಮಾತಲ್ಲೇ, ನಾನು ಅಂಥವ, ನಾನು ಇಂಥವ ಅಂತ ಎಳೀತಾ ಕೂತ್ಬಿಡ್ತಾರೆ, ಕೇಳೋರು ಕವಳದ (ಎಲೆ ಅಡಿಕೆ) ಬಟ್ಟಲಿಗೆ ಕೈ ಹಾಕ್ತಾರೆ. ವೇಷ ಇಲ್ಲ, ಕಿರೀಟ ಇಲ್ಲ, ಕುಣಿತಾನೂ ಇಲ್ಲ, ಪಂಚೆ ಉಟ್ಟು ಶಾಲು ಹೊದ್ದು ಕೂತವ್ರ ಹಿಂದೆ ಒಂದು ಸೇನೆ ಇದೆ ಅಂತ ಜನ ನಂಬ್ಬೇಕು ಅಂದ್ರೆ ಬರೀ ಬಿರುದು ಹೇಳಿ ಆಗಲ್ಲ ಮಾರಾಯ್ರೆ.

ಮೊದ್ಲು ಪ್ರಸಂಗದ, ಅಂದ್ರೆ ಅವತ್ತಿನ ಕಥೆಯ, ಪದ್ಯಗಳನ್ನ ಸರಿಯಾಗಿ ಓದ್ಕೊಳ್ಳಿ. ನಿಮ್ಮ ಪಾತ್ರ ತನಗಿಂತ ಕೆಳಗಿನವ್ರ ಜೊತೆ, ಹೆದ್ರಿದವ್ರ ಜೊತೆ ಹೆಂಗೆ ನಡ್ಕೊಳ್ತು ಅಂತ ಹುಡುಕಿ, ನಾಯಕ ಸಿಗೋದು ಅಲ್ಲೇ.

ಉತ್ತರ ಗೋಗ್ರಹಣ ತಗೊಳ್ಳಿ, ಕೌರವ್ರು ವಿರಾಟನ ದನ ಹಿಡಿದಾಗ ಅವನ ಮಗ ಉತ್ತರ ಯುದ್ಧಕ್ಕೆ ಹೊರಡೋ ಪ್ರಸಂಗ. ಉತ್ತರನ ಪೌರುಷ ಒಲೆಯ ಮುಂದೆ ಅಂತ ಗಾದೇನೇ ಇದೆ, ಹೆಂಗಸ್ರ ಮುಂದೆ ಕೊಚ್ಕೊಂಡವ ಕೌರವ ಸೇನೆ ಕಂಡಿದ್ದೇ ರಥದಿಂದ ಹಾರಿ ಓಡ್ತಾನೆ. ಬೃಹನ್ನಳೆ ವೇಷದಲ್ಲಿರೋ ಅರ್ಜುನ ಅಟ್ಟಿಸ್ಕೊಂಡು ಹೋಗಿ ಹಿಡೀತಾನೆ, ಆದ್ರೆ ಮನೆಗೆ ಅಟ್ಟಲ್ಲ, ನೀನು ರಥ ಹೊಡಿ ಯುದ್ಧ ನಂಗಿರ್ಲಿ ಅಂತಾನೆ, ಶಮೀ ಮರ ಹತ್ಸಿ ಆಯುಧ ಇಳಿಸ್ಕೊಳ್ತಾನೆ. ತನ್ನ ಹತ್ತು ಹೆಸ್ರು ಹೇಳೋದು ಅದೆಲ್ಲ ಆದ್ಮೇಲೆ, ಅದೂ ಉತ್ತರ ಕೇಳಿದ್ಕೆ. ಗೆದ್ದ ಮೇಲೂ ಊರಲ್ಲಿ ಗೆದ್ದಿದ್ದು ನೀನೇ ಅಂತ ಹೇಳು ಅಂತಾನೆ. ಹಾಗಾಗಿ ಆ ಹತ್ತು ಹೆಸ್ರನ್ನ ಪೀಠಿಕೇಲಿ ಖರ್ಚು ಮಾಡ್ಬೇಡಿ. ಉತ್ತರನ ಅರ್ಥ ಹೇಳೋರಿಗೆ ಜನ್ರನ್ನ ನಗಿಸೋಕೆ ಪೂರ್ತಿ ಜಾಗ ಬಿಡಿ, ನೀವು ತಗ್ಗಿದ ದನೀಲಿ, ಹೆದ್ರಿದ ಹುಡುಗನ ಹತ್ರ ಮಾತಾಡಿದ ಹಾಗೆ ಮಾತಾಡಿ, ಆಮೇಲೆ ಧನಂಜಯ ಅಂತ ಒಂದ್ಸಲ ಅಂದ್ರೆ ಸಾಕು.

ರಾಮನ ಪಾತ್ರಕ್ಕೆ ಕೇಳೋದೇ ದೊಡ್ಡ ಕೆಲ್ಸ. ವಿಭೀಷಣ ಶರಣು ಬಂದಾಗ ಸುಗ್ರೀವ ಇವ್ನು ಶತ್ರು ಕಡೆಯವ, ನಂಬ್ಬೇಡ ಅಂತಾನೆ, ರಾಮ ಅವ್ನ ಬಾಯಿ ಮುಚ್ಸಲ್ಲ, ಎಲ್ರ ಅಭಿಪ್ರಾಯ ಕೇಳಿ ಕಡೇಗೆ ಅಭಯ ಕೊಡ್ತಾನೆ. ಸುಗ್ರೀವನ ವಾದ ಪೂರ್ತಿ ಮುಗೀಲಿ, ನಿಮ್ಮ ಉತ್ತರ ಚಿಕ್ಕದಿರ್ಲಿ.

ಕೌರವನ್ನ ಬರೀ ಖಳ ಮಾಡೋದು ನಂಗಂತೂ ಸೇರಲ್ಲ. ಎಲ್ರೂ ಕರ್ಣನ ಕುಲ ಕೇಳ್ತಿದ್ದಾಗ ನಿಂತ ನಿಲುವಲ್ಲೇ ಅಂಗರಾಜ್ಯ ಕೊಟ್ಟವ ಅವ, ಕರ್ಣಭೇದನ ಪ್ರಸಂಗದಲ್ಲಿ ಕೃಷ್ಣ ಜನ್ಮದ ಗುಟ್ಟು ಹೇಳಿದ್ರೂ ಕರ್ಣ ಕೌರವನ್ನ ಬಿಡಲ್ಲ. ಅದೇ ಕೌರವ ಕೃಷ್ಣ ಸಂಧಾನಕ್ಕೆ ಬಂದಾಗ ಭೀಷ್ಮ, ವಿದುರ, ಹೆತ್ತ ತಾಯಿ ಯಾರ ಮಾತೂ ಕೇಳಲ್ಲ. ಎರಡನ್ನೂ ಒಂದೇ ಬಾಯಲ್ಲಿ ತರೋದು ಕಷ್ಟ, ಅದಕ್ಕೇ ಹೊಸಬ್ರು ಅವಸರದಲ್ಲಿ ಈ ಪಾತ್ರ ಒಪ್ಕೊಳ್ಬೇಡಿ.

ಇನ್ನೊಂದು, ಎದುರಿನ ಅರ್ಥಧಾರಿ ತಡವರಿಸಿದ್ರೆ ಅವ್ರಿಗೆ ಉತ್ತರ ಗೊತ್ತಿರೋ ಪ್ರಶ್ನೆ ಹಾಕಿ. ಭಾಗವತ್ರು ತಾಳ ಕೈಗೆತ್ಕೊಂಡ್ರು ಅಂದ್ರೆ ಎಷ್ಟೇ ಒಳ್ಳೆ ಮಾತು ಬಾಯಲ್ಲಿದ್ರೂ ಅಲ್ಲಿಗೆ ನಿಲ್ಸಿ, ಪದ್ಯಕ್ಕೆ ಬಿಟ್ಕೊಡಿ.