ಹೆಡರ್ 32 ಬೈಟ್ ಆದ ಮೇಲೆ ಅರೇ ನೆಟ್ಟಗಾಯಿತು

ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ತೊಗರಿಬೇಳೆ ಆರಿಸುವ ಕ್ಯಾಮೆರಾದ ಪ್ರೋಗ್ರಾಂ ಈಗ ನನ್ನ ಕೈಯಲ್ಲಿದೆ. ಕಾಳುಗಳ ಮಾಹಿತಿಯನ್ನು ಸಾಲಾಗಿ ಇಡುವ ಅರೇಯ ಸಿ ಕೋಡ್ ಬೇರೆಯವರದ್ದು. ಒಂದು ಕಾಳಿಗೆ ಎಂಟು ಫ್ಲೋಟ್ (ನಾಲ್ಕು ಬೈಟಿನ ದಶಮಾಂಶ ಸಂಖ್ಯೆ), ಅಂದರೆ 32 ಬೈಟಿನ ಸ್ಟ್ರಕ್ಟ್ (ಮಾಹಿತಿಯ ಒಂದು ಗಂಟು). ಎಂಟನ್ನೂ ಒಂದೇ ಏಟಿಗೆ ಲೆಕ್ಕ ಹಾಕುವ ಪ್ರೊಸೆಸರಿನ ಎವಿಎಕ್ಸ್ ಬೇಕಲ್ವಾ, ಅದಕ್ಕೆ ಅಲೈನ್‌ಆಸ್ 32, ಅಂದರೆ ಪ್ರತಿ ಸ್ಟ್ರಕ್ಟಿನ ವಿಳಾಸ 32ರಿಂದ ಭಾಗವಾಗಬೇಕು. ಮೊದಲು ಉದ್ದ, ಕೆಪ್ಯಾಸಿಟಿ ಇರುವ 16 ಬೈಟ್ ಹೆಡರ್, ಅದರ ಬೆನ್ನಿಗೇ ಎಲಿಮೆಂಟ್‌ಗಳು. ಲಾಟಿನ ತೂಕ ನೋಡಿ ಮೊದಲೇ ಮೆಮೊರಿಯಲ್ಲಿ ಜಾಗ ತೆಗೆದಿಡುತ್ತದೆ.

ಮೂಟೆಗಟ್ಟಲೆ ಸುರಿದರೆ ಓಡುತ್ತಿತ್ತು. ಬೊಗಸೆ ಸ್ಯಾಂಪಲ್ ಹಾಕಿದರೆ ಒಮ್ಮೊಮ್ಮೆ ಸೆಗ್‌ಫಾಲ್ಟ್, ಪ್ರೋಗ್ರಾಂ ಬಿದ್ದೇಹೋಗುತ್ತಿತ್ತು! "ಡಬ್ಬಿನೇ ಕೆಟ್ಟದ ರೀ, ಬದಲ್ ಮಾಡ್ರಿ" ಅಂದರು ಸಾವ್ಕಾರ್ರು. ರ‍್ಯಾಮ್‌ಗೆ ಮೂರು ಸಾವಿರದ ಹತ್ತಿರ ಸುಮ್ನೆ ಹೋಯಿತು. ಗೆಳೆಯರು "ಅನ್‌ಅಲೈನ್ಡ್ ಲೋಡ್ ಹಾಕಿ ಕೈ ತೊಳ್ಕೋ" ಅಂದರು, ಅಂದರೆ ವಿಳಾಸ 32ಕ್ಕೆ ಸರಿ ಇಲ್ಲದಿದ್ದರೂ ಓದುವ ಆದೇಶ. ಅದನ್ನೂ ಹಾಕಿದೆ. ಆದರೆ ಸ್ಟ್ರಕ್ಟ್ ಕಾಪಿ ಮಾಡುವಾಗ ಕಂಪೈಲರೇ 32ಕ್ಕೆ ಸರಿ ಇರಲೇಬೇಕೆನ್ನುವ ಅಲೈನ್ಡ್ ಮೂವ್ ಬರೆದರೆ ನನ್ನ ಲೋಡ್ ಏನು ಮಾಡೀತು?

ತಪ್ಪು ಹುಡುಕುವ ಜಿಡಿಬಿಯಲ್ಲಿ ವಿಳಾಸದ ಬಾಲ (ಕೊನೆಯ ಅಂಕಿಗಳು) ನೋಡಿದಾಗ ಗುಟ್ಟು ಸಿಕ್ಕಿತು. 64 ಬಿಟ್ ಲಿನಕ್ಸಿನಲ್ಲಿ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯಲ್ಲಿ ಜಾಗ ಕೊಡುವ ಮ್ಯಾಲಾಕ್ 16ರ ಮಡಿಯ ವಿಳಾಸಕ್ಕೆ ಮಾತ್ರ ಗ್ಯಾರಂಟಿ. ಕೇಳಿದ ಜಾಗ 128 ಕೆಬಿ ದಾಟಿದರೆ ಅದು ಕರ್ನಲ್‌ನಿಂದ ನೇರ ಜಾಗ ತರುವ ಎಂಮ್ಯಾಪ್‌ಗೆ ಹೋಗುತ್ತದೆ, ಆಗ ಬರುವ ವಿಳಾಸದ ಕೊನೆಗೆ ಹೆಕ್ಸಿನಲ್ಲಿ (16ರ ಆಧಾರದ ಎಣಿಕೆ) 010, ಅಂದರೆ 16. ಅದಕ್ಕೆ ಹೆಡರಿನ 16 ಸೇರಿ 020, ಅಂದರೆ 32ಕ್ಕೆ ಸರಿ. ದೊಡ್ಡ ಲಾಟು ಬದುಕಿದ್ದು ಈ ಅದೃಷ್ಟದಿಂದ. ಸಣ್ಣದಕ್ಕೆ ಒಮ್ಮೆ ಹೌದು, ಒಮ್ಮೆ ಇಲ್ಲ. ಒಂದು ದೊಡ್ಡ ಬ್ಲಾಕ್ ಫ್ರೀ ಮಾಡಿದರೆ ಆ 128ರ ಗೆರೆಯೂ ಮೇಲೇರುತ್ತದೆ, ಎರಡನೇ ಲಾಟಿನ ಲೆಕ್ಕ ಮತ್ತೆ ಬೇರೆ.

ಮ್ಯಾಲಾಕ್ ತೆಗೆದು, ಕೇಳಿದ ಮಡಿಗೇ ಜಾಗ ಕೊಡುವ ಅಲೈನ್ಡ್ ಅಲಾಕ್ ಹಾಕಿದೆ. ಆಗ ಎಲ್ಲವೂ ಬಿತ್ತು! ಬ್ಲಾಕ್ ನೆಟ್ಟಗಿದೆ, ಹೆಡರ್ ಎಲಿಮೆಂಟನ್ನು 16 ಆಚೆ ತಳ್ಳುತ್ತಿದೆ. ಹೆಡರಿಗೆ ಪ್ಯಾಡಿಂಗ್ (ಖಾಲಿ ಬೈಟ್) ಕೊಟ್ಟು 32 ಮಾಡಿದೆ. ಸಣ್ಣದು, ದೊಡ್ಡದು ಎರಡೂ ಓಡಿದವು. ತೂಕದ ಅಂದಾಜು ತಪ್ಪಿ ಅರೇ ಬೆಳೆದಾಗ ಮತ್ತೆ ಬಿತ್ತು. ಈ ಸಲ ಬಾಲ 030, ಅಂದರೆ 48. ಜಾಗ ಹಿಗ್ಗಿಸುವ ರಿಯಾಲಾಕ್ ಬ್ಲಾಕನ್ನು ಎತ್ತಿ ಬೇರೆ ಕಡೆ ಇಟ್ಟರೆ 32ರ ಹಂಗು ಅದಕ್ಕಿಲ್ಲ.

ರಿಯಾಲಾಕನ್ನೇ ಕಿತ್ತೆಸೆದೆ. ಹೊಸ ಅಲೈನ್ಡ್ ಅಲಾಕ್, ಹೆಡರ್ ಸಮೇತ ಮೆಮ್‌ಕಾಪಿ, ಹಳೇದಕ್ಕೆ ಫ್ರೀ. ಸಿ ಭಾಷೆಯ 2011ರ ನಿಯಮ ಸಿ11ರ ಪ್ರಕಾರ ಸೈಜು ಅಲೈನ್‌ಮೆಂಟಿನ ಮಡಿಯಾಗಿರಬೇಕು. ಹೆಡರ್ 32, ಎಲಿಮೆಂಟ್ 32, ಹಾಗಾಗಿ ಆ ತಲೆನೋವಿಲ್ಲ. ಕಾಪಿಯಿಂದ ನಿಧಾನ ಆಗುತ್ತೆ ಅಂತ ಹೆದರಿಸಿದವರಿಗೆ ಟೈಮಿಂಗ್ ತೋರಿಸಿದೆ, ನೂರಕ್ಕೆ ಒಂದೂ ಇಲ್ಲ. ಕೆಪ್ಯಾಸಿಟಿಯನ್ನು ಯಾವ ಲೆಕ್ಕದಲ್ಲಿ ಬೆಳೆಸುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಸಿ++ ಭಾಷೆಯ ತಾನೇ ಬೆಳೆಯುವ ಅರೇ, ವೆಕ್ಟರ್ ಹಾಕಿದ್ರೆ ಆಗ್ತಿತ್ತು ಅಂತ ಒಬ್ಬ ಈಗಲೂ ಅನ್ನುತ್ತಾನೆ. ಸಿ++17 ಆದರೆ ಸರಿ, ಅದು ಅಲೈನ್‌ಮೆಂಟ್ ನೋಡಿಯೇ ಜಾಗ ಕೊಡುತ್ತದೆ. ಆ ಮಷೀನಿನ ಹಳೇ ಕಂಪೈಲರಿಗೆ ಅದು ಗೊತ್ತೇ ಇಲ್ಲ. ಕುತೂಹಲಕ್ಕೆ 64ರ ಅಲೈನ್‌ಮೆಂಟೂ ನೋಡಿದೆ, ವೇಗದಲ್ಲಿ ಫರಕು ಕಾಣಲಿಲ್ಲ. ವಿಂಡೋಸಿನವರಿಗೆ ಅಲೈನ್ಡ್ ರಿಯಾಲಾಕ್ ಬೇರೆಯೇ ಇದೆ, ಆದರೆ ಅಲ್ಲಿ ಬರೀ ಫ್ರೀ ನಡೆಯಲ್ಲ, ಅಲೈನ್ಡ್ ಫ್ರೀಯೇ ಬೇಕು. ಸಾವ್ಕಾರ್ರು ತಡೆದಿಟ್ಟ ಹದಿನೈದು ಸಾವಿರ ಚಿಲ್ಲರೆ ಬಂತು. ರ‍್ಯಾಮಿನ ದುಡ್ಡು ಇನ್ನೂ ಬಂದಿಲ್ಲ.