30 ಗ್ರಾಂ ಕಪ್ಪು ಟ್ರಫಲ್, ಮೂರು ಊಟ: ನನ್ನ ಅನುಭವ

ಟ್ರಫಲ್ ಎಂದರೆ ನೆಲದಡಿ ಬೆಳೆಯುವ, ಘಮಕ್ಕೆ ಹೆಸರಾದ ದುಬಾರಿ ಅಣಬೆ. 30 ಗ್ರಾಂ ತೂಕದ ಒಂದು ಕಪ್ಪು ಟ್ರಫಲ್ ನಾಲ್ಕು ಜನರ ಮೂರು ಊಟಕ್ಕೆ ಸಾಕು ಎಂದು ನಾನು ಹೇಳಿದಾಗ ಜೊತೆಯ ಅಡುಗೆಯವರು ಯಾರೂ ಒಪ್ಪಲಿಲ್ಲ. ತಲೆಗೆ ಹತ್ತು ಗ್ರಾಂ ತುರಿಯದಿದ್ದರೆ ನಾಲಿಗೆಗೆ ಏನೂ ಹತ್ತುವುದಿಲ್ಲ ಎಂದು ಅವರ ವಾದ. ಈಗ ಒಂದು ಚಳಿಗಾಲ ಪೂರ್ತಿ ಹೀಗೇ ಬಡಿಸಿದ್ದೇನೆ. ವಾದ ಮಾಡಿದವರೇ ಎರಡನೇ ಸಲ ಹಾಕಿಸಿಕೊಂಡರು.

ಹೋಳು ಮಾಡುವ ಮುಂಚೆಯೇ ಟ್ರಫಲ್ ನಮಗಾಗಿ ದುಡಿಯಬೇಕು. ತಂದ ದಿನವೇ ಒಣ ಬ್ರಷ್‌ನಿಂದ ಮಣ್ಣು ಉದುರಿಸಿ, ಪೇಪರ್ ಟವೆಲ್‌ನಲ್ಲಿ ಸುತ್ತಿ ಗಾಜಿನ ಡಬ್ಬಿಗೆ ಹಾಕುತ್ತೇನೆ. ಅದರ ಸುತ್ತ ಒಡೆಯದ ಮೊಟ್ಟೆಗಳು, ಪಕ್ಕದಲ್ಲಿ ಉಪ್ಪಿಲ್ಲದ ಬೆಣ್ಣೆ, ಹೊದಿಕೆ ಬಿಚ್ಚಿ. ಬಿಗಿ ಮುಚ್ಚಳ ಹಾಕಿ ಎರಡು ಮೂರು ದಿನ ಫ್ರಿಜ್‌ನಲ್ಲಿ. ಚಿಪ್ಪಿನ ಸಣ್ಣ ರಂಧ್ರಗಳಿಂದ ಘಮ ಒಳಗಿಳಿದು ಹಳದಿಯ ಕೊಬ್ಬಿನಲ್ಲಿ ಕೂರುತ್ತದೆ. ಟವೆಲ್ ದಿನಾ ಬದಲಿಸದಿದ್ದರೆ ಬೂಷ್ಟು ಖಚಿತ.

ಅಕ್ಕಿಯಲ್ಲಿ ಹೂತಿಡಿ ಎನ್ನುವವರ ಮಾತು ಕೇಳಬೇಡಿ. ಅಕ್ಕಿ ತೇವವನ್ನೆಲ್ಲ ಹೀರಿ ಟ್ರಫಲನ್ನು ಸುಕ್ಕಾಗಿಸುತ್ತದೆ. ಗ್ರಾಂ ಲೆಕ್ಕದಲ್ಲಿ ಹಣ ಕೊಟ್ಟ ಮೇಲೆ ಅದರೊಳಗಿನ ನೀರೂ ನಮ್ಮ ಹಣವೇ. ಡಬ್ಬಿಯಲ್ಲಿಟ್ಟರೂ ವಾರದಲ್ಲಿ ಹತ್ತನೇ ಒಂದು ಪಾಲಿಗೂ ಹೆಚ್ಚು ತೂಕ ಇಳಿದದ್ದನ್ನು ತಕ್ಕಡಿಯಲ್ಲಿ ನೋಡಿದ್ದೇನೆ.

ಹಣ ಹೋಗುವ ಇನ್ನೊಂದು ದಾರಿ ಕೊಳ್ಳುವಾಗಲೇ ಇದೆ. ಬಿರುಕಿನಲ್ಲಿ ಮೆತ್ತಿದ ಮಣ್ಣಿಗೂ ಟ್ರಫಲಿನ ದರವೇ. ಫ್ರಾನ್ಸಿನ ಹೆಸರಾಂತ ಕಪ್ಪು ಜಾತಿಯಾದ ಪೆರಿಗೋರ್ ಟ್ರಫಲ್ ಎಂದು ಹೇಳಿ ಅಗ್ಗದ ಚೀನೀ ಜಾತಿಯನ್ನು ಬೆರೆಸುವುದೂ ಉಂಟು. ನೋಡಲು ಎರಡೂ ಅವಳಿ ಮಕ್ಕಳು. ಸಣ್ಣದೊಂದು ಚೂರು ಕೊಯ್ದು ತೋರಿಸಲು ಹೇಳಿ. ಒಳಗೆ ನೇರಳೆ ಬೆರೆತ ಕಪ್ಪು, ಅದರಲ್ಲಿ ತೆಳ್ಳಗಿನ ಬಿಳಿ ಗೆರೆಗಳಿದ್ದರೆ ಮಾಗಿದೆ. ಆದರೂ ಕೊನೆಯ ಮಾತು ಮೂಗಿನದು: ವಾಸನೆ ಇಲ್ಲದ್ದನ್ನು ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.

ಬೆಣ್ಣೆಯಲ್ಲಿ ಹೋಳು ಹುರಿಯುವ ಪ್ರಯೋಗ ಪ್ರತಿ ಸಲವೂ ಸೋತಿತು. ಘಮದಲ್ಲಿ ದೊಡ್ಡ ಪಾಲಿನ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕದ ಸಂಯುಕ್ತ ಸುಮಾರು 37 ಡಿಗ್ರಿಗೇ ಕುದಿಯುವಂಥದ್ದು. ಅಡುಗೆಮನೆ ಘಮಘಮಿಸಿತು, ತಟ್ಟೆಯಲ್ಲಿ ಮಾತ್ರ ಏನೂ ಉಳಿಯಲಿಲ್ಲ. ಕಪ್ಪು ಟ್ರಫಲ್ ಹದವಾದ ಬಿಸಿಯನ್ನಾದರೂ ತಡೆಯುತ್ತದೆ. ಇಟಲಿಯ ಆಲ್ಬಾದ ಬಿಳಿ ಟ್ರಫಲನ್ನು ಒಲೆಯ ಹತ್ತಿರ ತರಲೇಬೇಡಿ, ಬಡಿಸಿದ ಮೇಲೆ ಹಸಿಯಾಗಿಯೇ ಉದುರಿಸಬೇಕು.

ಮೊದಲ ಊಟಕ್ಕೆ ಟ್ರಫಲ್ ಮುಟ್ಟುವುದೇ ಇಲ್ಲ. ಡಬ್ಬಿಯ ಮೊಟ್ಟೆ, ಡಬ್ಬಿಯ ಬೆಣ್ಣೆ, ಬಿಸಿನೀರಿನ ಮೇಲಿಟ್ಟ ಪಾತ್ರೆಯಲ್ಲಿ ಕದಡುತ್ತಾ ಗಂಜಿಯ ಹದಕ್ಕೆ. ಎರಡನೆಯದು ಹೊಸದಾಗಿ ಮಾಡಿದ ಮೊಟ್ಟೆಯ ಪಾಸ್ತಾ, ಅದೇ ಬೆಣ್ಣೆ, ಮೇಲೆ ತಲೆಗೆ ಮೂರು ಗ್ರಾಂನಷ್ಟು ತೆಳು ಬಿಲ್ಲೆ. ಮೂರನೆಯದು ಫ್ರಾನ್ಸಿನ ಲಿಯೋನ್ ಪದ್ಧತಿಯ ಕೋಳಿ: ಉಳಿದ ಬಿಲ್ಲೆಗಳನ್ನು ಚರ್ಮದಡಿ ಸೇರಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಕುದಿ ಬರದಂತೆ ಸಾರಿನಲ್ಲಿ ಬೇಯಿಸುವುದು. ಸಾರಿಗೆ ನಾನು ಸೇರಿಸುವ ಒಂದು ವಸ್ತುವಿದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ಬೆಣ್ಣೆಯ ಬದಲು ಬೇರೆ ಪದಾರ್ಥಗಳನ್ನೂ ಡಬ್ಬಿಯಲ್ಲಿಟ್ಟು ಪರೀಕ್ಷಿಸಿದೆ. ಕೆನೆಯೂ ಬೆಣ್ಣೆಯಷ್ಟೇ ಚೆನ್ನಾಗಿ ಘಮ ಹಿಡಿಯಿತು. ಸಕ್ಕರೆಯಲ್ಲಿ ಮೂರು ದಿನಕ್ಕೆ ಏನೂ ಉಳಿಯಲಿಲ್ಲ. ಬೇಸಿಗೆ ಟ್ರಫಲ್ ಅಗ್ಗ, ಆದರೆ ಈ ವಿಧಾನಕ್ಕೆ ಅದರ ಘಮ ಸಾಲದು. ಅಂಗಡಿಯ ಟ್ರಫಲ್ ಎಣ್ಣೆಯಲ್ಲಿ ಬಹುಪಾಲು ಇರುವುದು ಪ್ರಯೋಗಾಲಯದಲ್ಲಿ ತಯಾರಾದ ವಾಸನೆ; ಒಂದೇ ಎಳೆಯ, ಮೂಗಿಗೆ ಇರಿಯುವ ವಾಸನೆ. ಹಸಿ ಟ್ರಫಲನ್ನು ಮನೆಯಲ್ಲಿ ಎಣ್ಣೆಗೆ ಹಾಕಿ ಹೊರಗಿಡುವುದಂತೂ ಅಪಾಯ, ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ಬ್ಯಾಕ್ಟೀರಿಯಾದ ವಿಷ ಹುಟ್ಟಬಹುದು.

ಉಳಿದ ಚೂರುಪಾರುಗಳನ್ನು ತುರಿದು, ಬೆಣ್ಣೆ ಉಪ್ಪಿನೊಂದಿಗೆ ಕಲಸಿ, ಉರುಳೆ ಮಾಡಿ ಫ್ರೀಜರ್‌ಗೆ ಹಾಕುತ್ತೇನೆ. ಬೇಕಾದಾಗ ಒಂದು ಬಿಲ್ಲೆ ಕೊಯ್ದು, ಒಲೆ ಆರಿಸಿದ ಮೇಲೆ ಬಿಸಿ ಆಲೂಗಡ್ಡೆ ಮುದ್ದೆಗೆ ಸೇರಿಸಿದರಾಯಿತು.